ಇಂಟರ್‌ವಲ್: ಎಡೆಬಿಟ್ಟು ಓಡಿದ ಪದ

ಬೆಂಗಳೂರಿನಲ್ಲಿ ಬೆಳಗಿನ ಓಟದವರ ಯಾವ ಗುಂಪನ್ನು ಮಾತಾಡಿಸಿದರೂ ವಾರದ ಒಂದು ದಿನಕ್ಕೆ 'ಇಂಟರ್‌ವಲ್ಸ್' ಎಂಬ ಹೆಸರಿರುತ್ತದೆ. ಆ ಬೆಳಗ್ಗೆ ಮಾತು ಕಡಿಮೆ. ನಾನೂರು ಮೀಟರಿನ ಸುತ್ತನ್ನು ಉಸಿರು ಗಂಟಲಿಗೆ ಬರುವಂತೆ ಓಡುವುದು, ಸ್ವಲ್ಪ ದೂರ ಕಾಲೆಳೆದುಕೊಂಡು ಸಾಗುವುದು, ಮತ್ತೆ ಓಡುವುದು. ಇದೇ ಪದವನ್ನು ಅವರ ಮನೆಯವರ ಮುಂದೆ ಆಡಿದರೆ ನೆನಪಾಗುವುದೇ ಬೇರೆ: ಥಿಯೇಟರಿನಲ್ಲಿ ದೀಪ ಹತ್ತಿಕೊಳ್ಳುವುದು, ಸಮೋಸಾ, ಶೌಚಾಲಯದ ಮುಂದಿನ ಸಾಲು. ಶಾಲೆಯ ಮಕ್ಕಳಿಗಾದರೆ ಇಂಟರ್‌ವಲ್ ಬೆಲ್ಲು. ನಮ್ಮ ಕಾಲದ ಶಾಲೆಗಳಲ್ಲಿ ಅದಕ್ಕೆ 'ಒಂದಕ್ಕೆ ಬಿಡೋದು' ಎಂಬ ಮುಚ್ಚುಮರೆಯಿಲ್ಲದ ಹೆಸರಿತ್ತು. ಒಬ್ಬರ ಬಾಯಲ್ಲಿ ಬಿಡುವು, ಇನ್ನೊಬ್ಬರ ಬಾಯಲ್ಲಿ ಬೆವರು. ಪದವೊಂದು ತನ್ನ ಅರ್ಥದ ಎದುರು ದಡಕ್ಕೆ ಹೇಗೆ ಹೋಗಿ ನಿಂತಿತು ಎಂದು ಹುಡುಕುತ್ತ ಹೋದರೆ, ದೂರದ ಓಟಗಾರ ವೇಗ ಕಲಿತ ಕಥೆಯೂ ಅದರ ಜೊತೆಗೇ ಸಿಗುತ್ತದೆ.

ಪದದ ಹುಟ್ಟೂರು ಲ್ಯಾಟಿನ್. 'ಇಂಟರ್' ಎಂದರೆ ನಡುವೆ. 'ವಾಲ್ಲುಮ್' ಎಂದರೆ ಸೈನ್ಯದ ಪಾಳೆಯದ ಸುತ್ತ ಎಬ್ಬಿಸಿದ ಮಣ್ಣಿನ ಒಡ್ಡು ಮತ್ತು ಅದರ ಮೇಲೆ ನೆಟ್ಟ ಗೂಟಗಳ ಸಾಲು. ಒಂದೊಂದು ಗೂಟವೂ 'ವಾಲ್ಲುಸ್'. ದಂಡಿನ ಮೇಲೆ ಹೊರಟ ರೋಮನ್ ಸೈನಿಕ ಆಯುಧದ ಜೊತೆಗೆ ಗೂಟಗಳನ್ನೂ ಹೊತ್ತು ನಡೆಯುತ್ತಿದ್ದ. ಸಂಜೆ ಬೀಡುಬಿಟ್ಟ ಕಡೆ ಅಗಳು ತೋಡಿ, ತೋಡಿದ ಮಣ್ಣನ್ನು ಒಳಬದಿಗೆ ಒಟ್ಟಿ, ಅದರ ಮೇಲೆ ಗೂಟ ಬಡಿಯುತ್ತಿದ್ದ. ಈ ಒಡ್ಡಿಗೂ ಡೇರೆಗಳಿಗೂ ನಡುವೆ ಸುತ್ತಲೂ ಒಂದು ಪಟ್ಟಿ ಜಾಗವನ್ನು ಖಾಲಿ ಬಿಡಬೇಕು. ಅದೇ 'ಇಂಟರ್ವಾಲ್ಲುಮ್'. ಗ್ರೀಕಿನಲ್ಲಿ ಬರೆದ ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪಾಲಿಬಿಯಸ್ ಈ ಪಟ್ಟಿಯ ಅಗಲ 200 ಅಡಿ ಎಂದು ಹೇಳಿ ಕಾರಣಗಳನ್ನೂ ಕೊಡುತ್ತಾನೆ: ಸೈನ್ಯ ಒಳಬರುವಾಗ, ಹೊರಡುವಾಗ ನೂಕುನುಗ್ಗಲಾಗಬಾರದು; ಕೊಳ್ಳೆ ಹೊಡೆದು ತಂದ ದನಕರುಗಳನ್ನು ರಾತ್ರಿ ಅಲ್ಲಿ ಕೂಡಬಹುದು; ಎಲ್ಲಕ್ಕಿಂತ ಮುಖ್ಯವಾಗಿ, ಕತ್ತಲಲ್ಲಿ ಶತ್ರು ಎಸೆದ ಬೆಂಕಿಯಾಗಲಿ ಈಟಿಯಾಗಲಿ ಡೇರೆಯವರೆಗೆ ಬರುವುದಿಲ್ಲ. ಏನೂ ಕಟ್ಟದೆ ಬಿಟ್ಟ ಜಾಗವೇ ಪಾಳೆಯದ ಪ್ರಾಣ ಕಾಯುತ್ತಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎರಡು ಸಾವಿರ ವರ್ಷ ಕಳೆದು ಜರ್ಮನಿಯ ಒಬ್ಬ ಕೋಚ್ ಹೆಚ್ಚುಕಡಿಮೆ ಇದನ್ನೇ ಹೇಳಲಿದ್ದಾನೆ.

ಗೂಟದ ಸಾಲು ಇಂಗ್ಲಿಷಿಗೆ ಹೋಗಿ 'ವಾಲ್', ಅಂದರೆ ಗೋಡೆ ಆಯಿತು. ಮ್ಯಾರಥಾನ್ ಓಡುವವರು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಹೆದರುವುದೂ ಒಂದು 'ವಾಲ್'ಗೇ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಬರಿದಾಗಿ ಕಾಲು ಕಲ್ಲಾಗುವ ಗಳಿಗೆ ಅದು. ಆ ಗೋಡೆಯೂ ಟ್ರ್ಯಾಕಿನ ಇಂಟರ್‌ವಲ್ಲೂ ಒಂದೇ ಬೇರಿನ ಮಾತುಗಳು. ಪದದ ಮೊದಲರ್ಧವಾದ 'ಇಂಟರ್' ನಮಗೂ ನೆಂಟ: ಸಂಸ್ಕೃತದ 'ಅಂತರ್', ಲ್ಯಾಟಿನಿನ 'ಇಂಟರ್' ಒಂದೇ ಮೂಲದಿಂದ ಕವಲೊಡೆದವು. ಹಾಗಾಗಿ ಇಂಟರ್‌ವಲ್ ಬದಲು ಶುದ್ಧವಾಗಿ 'ಮಧ್ಯಂತರ' ಎನ್ನಿ ಎಂದು ಗದರುವವರು ದೂರದ ದಾಯಾದಿಯನ್ನೇ ಮನೆಗೆ ಕರೆಯುತ್ತಿರುತ್ತಾರೆ. ನಮ್ಮ ದೇವಾಲಯಗಳಲ್ಲಿ ಗರ್ಭಗುಡಿಗೂ ನವರಂಗಕ್ಕೂ ನಡುವೆ ಇರುವ ಕಿರಿದಾದ ಜಾಗಕ್ಕೆ ಅಂತರಾಳ ಎಂದು ಹೆಸರು. ರೋಮನ್ ದಂಡಿನ ಖಾಲಿ ಪಟ್ಟಿಯೂ ಬೇಲೂರಿನ ಅಂತರಾಳವೂ ಒಂದಕ್ಕೊಂದು ಸುಳಿವಿಲ್ಲದೆ ಒಂದೇ ಬಗೆಯ ಹೆಸರು ಪಡೆದವು.

ಜಾಗದ ಪದ ಕಾಲದ ಪದವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೋಮನ್ನರೇ ಎರಡೂ ಅರ್ಥದಲ್ಲಿ ಬಳಸಿದರು. ಸಂಗೀತಶಾಸ್ತ್ರ ಅದನ್ನು ಎರಡು ಸ್ವರಗಳ ನಡುವಿನ ದೂರಕ್ಕೆ ಎತ್ತಿಕೊಂಡಿತು. ನಮ್ಮ ಅಂತರ ಗಾಂಧಾರದಲ್ಲೂ ಆ 'ಅಂತರ' ಕೂತಿದೆ. ಹಳೆಯ ಫ್ರೆಂಚಿನ ದಾರಿಯಾಗಿ ಪದ ಇಂಗ್ಲಿಷಿಗೆ ಬಂತು, ಅಲ್ಲಿಂದ ಕಾನೂನಿನ ಪುಸ್ತಕಕ್ಕೂ. ಮತಿಭ್ರಮಣೆಯ ನಡುನಡುವೆ ಬುದ್ಧಿ ತಿಳಿಯಾಗಿರುವ ಹೊತ್ತನ್ನು ವಕೀಲರು 'ಲೂಸಿಡ್ ಇಂಟರ್‌ವಲ್' ಎನ್ನುತ್ತಾರೆ. ಇಂದಿಗೂ ಜಾರಿಯಲ್ಲಿರುವ 1872ರ ಭಾರತೀಯ ಕರಾರು ಕಾಯ್ದೆಯ 12ನೇ ಕಲಮಿಗೆ ಕೊಟ್ಟ ಉದಾಹರಣೆಯಲ್ಲಿ ಇಂಟರ್‌ವಲ್ ಎಂಬ ಪದವೇ ಇದೆ: ಹುಚ್ಚಾಸ್ಪತ್ರೆಯಲ್ಲಿ ಇರುವವನೊಬ್ಬ ಅಂಥ ತಿಳಿಯಾದ ಇಂಟರ್‌ವಲ್ಲುಗಳಲ್ಲಿ ಕರಾರು ಮಾಡಿಕೊಳ್ಳಬಹುದು. ಅಲ್ಲಿ ನಡುವಿನ ತೆರಪಿಗೇ ಬೆಲೆ, ಅಕ್ಕಪಕ್ಕದ ಕಾಲಕ್ಕೆ ಕಾನೂನಿನ ಮುಂದೆ ಬೆಲೆಯಿಲ್ಲ.

ನಾಟಕದ ನಡುವಿನ ಬಿಡುವಿಗೆ ಬ್ರಿಟಿಷರು ಇಂಟರ್‌ವಲ್ ಎಂದರು, ಅಮೆರಿಕದವರು ಇಂಟರ್ಮಿಷನ್ ಎಂದರು. ನಮಗೆ ಬಂದದ್ದು ಬ್ರಿಟಿಷರ ಪದ. ಹಾಲಿವುಡ್ ಎಂದೋ ಬಿಟ್ಟ ಈ ಬಿಡುವನ್ನು ನಾವು ಬಿಡಲಿಲ್ಲ. ಬಿಡುವೇ ಇಲ್ಲದಂತೆ ತೆಗೆದ ಇಂಗ್ಲಿಷ್ ಚಿತ್ರವನ್ನೂ ನಡುವೆ ಎಲ್ಲೋ ಕಡಿದು ದೀಪ ಹಾಕುತ್ತೇವೆ. ಗಾಂಧಿನಗರದಲ್ಲಂತೂ ಕಥೆ ಹೆಣೆಯುವವರು ಇಂಟರ್‌ವಲ್ ಎಲ್ಲಿ ಬರುತ್ತದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳದೆ ಮುಂದೆ ಹೋಗುವುದಿಲ್ಲ. ಚಿತ್ರ ನೋಡಿ ಬಂದವರು ಆಡುವ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳಿ: "ಫಸ್ಟ್ ಹಾಫ್ ಸುಮಾರು, ಇಂಟರ್‌ವಲ್ ಮಾತ್ರ ಸೂಪರ್." ಅವರು ಹೊಗಳುತ್ತಿರುವುದು ಬಿಡುವನ್ನಲ್ಲ, ಕ್ಯಾಂಟೀನಿನ ಕಾಫಿಯನ್ನಂತೂ ಅಲ್ಲವೇ ಅಲ್ಲ, ಬಿಡುವಿಗೆ ಮುಂಚಿನ ಆ ಒಂದು ದೃಶ್ಯವನ್ನು. ತೆರಪಿನ ಹೆಸರು ಪಕ್ಕದ ದೃಶ್ಯಕ್ಕೆ ಅಂಟಿಕೊಂಡಿದೆ. ಓಟದ ಟ್ರ್ಯಾಕಿನಲ್ಲಿ ಆದದ್ದೂ ಇದೇ.

ದೂರದ ಓಟಕ್ಕೆ ದೂರ ಓಡಿಯೇ ತಯಾರಾಗಬೇಕು ಎಂಬುದು ಬಹುಕಾಲದ ನಂಬಿಕೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಫಿನ್ಲೆಂಡಿನ ಲೌರಿ ಪಿಹ್ಕಲಾ ಅದನ್ನು ಮುರಿದು, ಚುರುಕಿನ ತುಂಡು ಓಟ ಮತ್ತು ವಿಶ್ರಾಂತಿಯನ್ನು ಒಂದಾದ ಮೇಲೊಂದು ಹೆಣೆಯಬೇಕು ಎಂದ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೇ ಓಡುತ್ತಿದ್ದ, 1920ರಿಂದ 1928ರವರೆಗೆ ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದ ಪಾವೊ ನುರ್ಮಿ ಇದೇ ನೆಲದವನು. ಆದರೆ ಇಂಟರ್‌ವಲ್ ಎಂಬ ಹೆಸರು ಗಟ್ಟಿಯಾಗಿ ನಿಂತದ್ದು ಜರ್ಮನಿಯ ಫ್ರೈಬುರ್ಗ್ ಊರಿನಲ್ಲಿ. ವೋಲ್ಡೆಮಾರ್ ಗೆರ್ಷ್ಲರ್ ಕೋಚ್. ಹೆರ್ಬರ್ಟ್ ರೈಂಡೆಲ್ ಹೃದಯದ ವೈದ್ಯ. ಗೆರ್ಷ್ಲರನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರ ಜುಲೈ 15ರಂದು ಮಿಲಾನಿನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ. ಹಿಂದಿನ ದಾಖಲೆ 1:48.4. ಎರಡು ಸುತ್ತಿನ ಓಟದಲ್ಲಿ 1.8 ಸೆಕೆಂಡನ್ನು ಒಂದೇ ಏಟಿಗೆ ಕಡಿಯುವುದು ಆಗಿನ ಕಾಲಕ್ಕೆ ನಂಬಲಾಗದ ಮಾತು. ಆ ದಾಖಲೆ 1955ರವರೆಗೆ ಉಳಿಯಿತು. ಹಾರ್ಬಿಗ್ ಉಳಿಯಲಿಲ್ಲ, 1944ರಲ್ಲಿ ಪೂರ್ವದ ಯುದ್ಧಭೂಮಿಯಲ್ಲಿ ಸತ್ತ.

ಗೆರ್ಷ್ಲರ್ ಮತ್ತು ರೈಂಡೆಲ್ ಇಟ್ಟ ನಿಯಮ ಸರಳ. ನೂರು, ಇನ್ನೂರು ಅಥವಾ ನಾನೂರು ಮೀಟರ್ ಓಡಿ ಹೃದಯದ ಬಡಿತವನ್ನು ನಿಮಿಷಕ್ಕೆ 180ರ ಹತ್ತಿರ ಏರಿಸು. ನಿಂತು ನಾಡಿ ಹಿಡಿದು ಎಣಿಸು. ಅದು 120ಕ್ಕೆ ಇಳಿಯುವವರೆಗೆ ಕಾಯು. 90 ಸೆಕೆಂಡಿನೊಳಗೆ ಇಳಿಯಲೇಬೇಕು. ಇಳಿಯಿತೋ, ಮತ್ತೆ ಓಡು. ಇಳಿಯಲಿಲ್ಲವೋ, ನೀನು ಅತಿಯಾಗಿ ಓಡಿದ್ದೀಯ. ಇದರ ಹಿಂದಿನ ವಾದ ಇನ್ನೂ ಸ್ವಾರಸ್ಯದ್ದು. ಓಟ ನಿಲ್ಲಿಸಿದ ಕೂಡಲೇ ಬಡಿತ ಇಳಿಯತೊಡಗುತ್ತದೆ, ಆದರೆ ಕಾಲುಗಳಿಂದ ಮರಳುವ ರಕ್ತ ಇನ್ನೂ ಧಾರಾಳವಾಗಿ ಬರುತ್ತಲೇ ಇರುತ್ತದೆ. ಆ ಕೆಲವು ಕ್ಷಣ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತುಂಬಿಕೊಂಡು ಹಿಗ್ಗುತ್ತದೆ. ಹೃದಯ ಬಲಿಯುವುದು ಓಡುವಾಗಲ್ಲ, ನಿಂತಾಗ! ಈ ಬಿಡುವಿಗೆ ಜರ್ಮನರು 'ಲೋನೆಂಡೆ ಪೌಸೆ' ಎಂದು ಹೆಸರಿಟ್ಟರು. ಕೂಲಿ ಗಿಟ್ಟುವ ಬಿಡುವು ಎಂದು ಹೇಳಬಹುದು. ರೈಂಡೆಲ್, ಗೆರ್ಷ್ಲರ್ ಮತ್ತು ಅವರ ಜೊತೆಗಾರ ರೋಸ್ಕಾಮ್ 1962ರಲ್ಲಿ ತಮ್ಮ ಪುಸ್ತಕಕ್ಕೆ 'ದಾಸ್ ಇಂಟರ್ವಾಲ್‌ಟ್ರೈನಿಂಗ್' ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ರೋಮನ್ನರ ಅರ್ಥವೇ: ಖಾಲಿ ಬಿಟ್ಟ, ಆದರೆ ಕೆಲಸ ಮಾಡುವ ಜಾಗ. ಔಷಧದ ಹೆಸರನ್ನೇ ಚಿಕಿತ್ಸೆಗೆ ಇಟ್ಟಿದ್ದರು. ಬಿಡುವೊಂದೇ ಎಲ್ಲವನ್ನೂ ಮಾಡುತ್ತದೆ ಎಂಬ ಅವರ ವಾದವನ್ನು ಮುಂದಿನ ತಲೆಮಾರಿನ ವಿಜ್ಞಾನಿಗಳು ಪೂರ್ತಿ ಒಪ್ಪಲಿಲ್ಲ ಎಂಬುದೂ ನಿಜ.

ಪದ ಫ್ರೈಬುರ್ಗ್‌ನದಾದರೂ ಅದನ್ನು ಜಗತ್ತಿನ ಬಾಯಿಗೆ ಹಾಕಿದವನು ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಅಂಗಡಿ ಇಟ್ಟಿರುವ ಬಾಟಾ ಕಂಪನಿಯ ಮೂಲ ಊರು ಜ್ಲೀನ್; ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗ ಇವನು. 1941ರಲ್ಲಿ ಕಾರ್ಖಾನೆಯವರ ಒತ್ತಾಯಕ್ಕೆ ಮೊದಲ ಓಟಕ್ಕೆ ಇಳಿದ. ನಿಧಾನವಾಗಿ ಓಡುವುದು ತನಗೆ ಆಗಲೇ ಗೊತ್ತು, ಕಲಿಯಬೇಕಾದದ್ದು ಜೋರಾಗಿ ಓಡುವುದನ್ನು ಎಂಬುದು ಅವನ ತರ್ಕ. ನಾನೂರು ಮೀಟರನ್ನು ಇಪ್ಪತ್ತು ಸಲ, ಆಮೇಲೆ ನಲವತ್ತು ಸಲ; ನಡುನಡುವೆ ಇನ್ನೂರು ಮೀಟರ್ ಮೆಲ್ಲನೆಯ ಓಟ. ನಾಡಿ ಹಿಡಿಯುವ ವೈದ್ಯರಿಲ್ಲ. ಕಾಡಿನ ದಾರಿ, ಕಾಲಿಗೆ ಸೈನ್ಯದ ಬೂಟು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಎಂಟು ದಿನದೊಳಗೆ 10,000 ಮೀಟರ್, 5,000 ಮೀಟರ್, ಅದುವರೆಗೆ ಒಮ್ಮೆಯೂ ಓಡಿರದ ಮ್ಯಾರಥಾನ್, ಮೂರರಲ್ಲೂ ಚಿನ್ನ. ಇಷ್ಟಾದ ಮೇಲೆ ಜಗತ್ತಿನ ಓಟಗಾರರೆಲ್ಲ ಸುತ್ತುಗಳನ್ನು ಎಣಿಸತೊಡಗಿದರು. ಅವರು ಎಣಿಸಿದ್ದು ಅವನ ನಾನೂರುಗಳನ್ನು. ಇನ್ನೂರುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪದ ಜಾರಿದ್ದು ಇಲ್ಲಿಯೇ ಎಂದು ನನ್ನ ಊಹೆ.

ಇದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಇನ್ನೊಂದು ಪದ ಹುಟ್ಟಿತ್ತು. ಯೋಸ್ಟಾ ಹೋಲ್ಮೇರ್ ಎಂಬ ಕೋಚ್ 1930ರ ದಶಕದಲ್ಲಿ ಇಟ್ಟ ಹೆಸರು 'ಫಾರ್ಟ್ಲೆಕ್': ಫಾರ್ಟ್ ಎಂದರೆ ವೇಗ, ಲೇಕ್ ಎಂದರೆ ಆಟ. ಕಾಡಿನ ದಾರಿಯಲ್ಲಿ ಆ ಮರದವರೆಗೆ ಜೋರು, ಈ ಏರು ಮುಗಿಯುವವರೆಗೆ ಮೆಲ್ಲಗೆ, ಮನಸ್ಸಿಗೆ ಬಂದಂತೆ. ಗುಂಡರ್ ಹೇಗ್ ಮತ್ತು ಆರ್ನೆ ಆಂಡರ್ಸನ್ ಒಬ್ಬರನ್ನೊಬ್ಬರು ಅಟ್ಟುತ್ತ ಮೈಲಿ ಓಟದ ದಾಖಲೆಯನ್ನು 1945ರ ಹೊತ್ತಿಗೆ 4:01.4ಕ್ಕೆ ಇಳಿಸಿದ್ದು ಇಂಥ ಕಾಡುದಾರಿಗಳ ದೇಶದಲ್ಲಿ. ಇವತ್ತು ಕೆನ್ಯಾದ ಇಟೆನ್ ಊರಿನ ಕೆಮ್ಮಣ್ಣಿನ ರಸ್ತೆಯಲ್ಲಿ ಗುರುವಾರ ಬೆಳಗ್ಗೆ ನೂರಾರು ಓಟಗಾರರು ಸೇರಿ ಓಡುವುದೂ ಫಾರ್ಟ್ಲೆಕ್ಕೇ, ಆದರೆ ಅಲ್ಲಿ ಒಂದು ನಿಮಿಷ ಜೋರು, ಒಂದು ನಿಮಿಷ ಮೆಲ್ಲಗೆ ಎಂಬ ಕಟ್ಟುನಿಟ್ಟು ಬಂದು ಆಟ ಹೋಗಿದೆ. ಇಂಗ್ಲಿಷ್ ಬಲ್ಲವರು ಈ ಪದ ಕೇಳಿ ಕಿಸಕ್ಕೆಂದು ನಗುತ್ತಾರೆ, ನಗಲಿ. ಓಟಗಾರರ ಮಾತಿನಲ್ಲಿ 'ಟೆಂಪೋ' ಎಂಬುದೂ ಒಂದಿದೆ. ನಮ್ಮಲ್ಲಿ ಅದು ತರಕಾರಿ ಹೊರುವ ಗಾಡಿಯಾದ ಕಥೆ ಇನ್ನೊಂದು ದಿನಕ್ಕಿರಲಿ.

ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ರೋಜರ್ ಬ್ಯಾನಿಸ್ಟರ್ ಲಂಡನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಮಧ್ಯಾಹ್ನದ ಬಿಡುವಿನಲ್ಲಿ ಪ್ಯಾಡಿಂಗ್ಟನ್ ಟ್ರ್ಯಾಕಿಗೆ ಹೋಗಿ 440 ಗಜದ ಹತ್ತು ಸುತ್ತು ಓಡುತ್ತಿದ್ದ. ಸುತ್ತುಗಳ ನಡುವೆ ಎರಡು ನಿಮಿಷ ವಿಶ್ರಾಂತಿ. 1954ರ ವಸಂತದಲ್ಲಿ ಸುತ್ತಿನ ವೇಳೆ 61 ಸೆಕೆಂಡಿಗೆ ಬಂದು ಅಂಟಿಕೊಂಡಿತು, ಏನು ಮಾಡಿದರೂ ಕೆಳಗಿಳಿಯಲಿಲ್ಲ. ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಓಟ ಮರೆತು ಬಂಡೆ ಹತ್ತಿದ. ಮರಳಿದ ಮೇಲೆ 59 ಸೆಕೆಂಡು ಸಿಕ್ಕಿತು. ಮೇ 6ರಂದು ಆಕ್ಸ್‌ಫರ್ಡಿನಲ್ಲಿ 3:59.4. ಎರಡು ನಿಮಿಷದ ಎಡೆ ಮಾಡುವ ಕೆಲಸವನ್ನು ಕೆಲವು ದಿನಗಳ ಎಡೆ ಇನ್ನೂ ದೊಡ್ಡದಾಗಿ ಮಾಡಿತು ಎನ್ನಬೇಕು.

'ಎಡೆ' ಎಂದೆ. ಕನ್ನಡದಲ್ಲಿ ಇಂಟರ್‌ವಲ್ಲಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಂಡಿಲ್ಲ. ಜಾಗ, ನಡುವು, ಸಂದು, ಬಿಡುವು ಎಲ್ಲವೂ ಅದರಲ್ಲಿವೆ. ಹಿರಿಯರಿಗೆ ಎಲೆಯ ಮೇಲೆ ಇಡುವ ಎಡೆಯೂ ಇದೆ. ತಮಿಳರು ಇದರ ಸೋದರ ಪದವಾದ 'ಇಡೈ'ಗೆ ವೇಳೆ ಸೇರಿಸಿ ಸಿನಿಮಾದ ಇಂಟರ್‌ವಲ್ಲನ್ನು 'ಇಡೈವೇಳೈ' ಮಾಡಿಕೊಂಡರು. ನಾವು ಪರದೆಯ ಮೇಲೆ 'ವಿಶ್ರಾಂತಿ', 'ವಿರಾಮ' ಎಂದು ಬರೆದು ಬಾಯಲ್ಲಿ ಇಂಟರ್‌ವಲ್ ಎಂದೇ ಉಳಿಸಿಕೊಂಡೆವು. ಎಡೆಯ ಮೇಲೆ ನಮ್ಮ ಭಾಷೆಗೆ ಸ್ವಲ್ಪ ತಾತ್ಸಾರವೂ ಇದೆ: ಎಡೆಬಿಡದ ಸಾಧನೆ, ಎಡೆಬಿಡದ ಶ್ರಮ ಎನ್ನುವುದು ಹೊಗಳಿಕೆ. ಎಡೆಬಿಟ್ಟು ದುಡಿಯುವವನಿಗೆ ಹೊಗಳಿಕೆಯ ಪದವಿಲ್ಲ. ಸ್ಟಾಕ್‌ಹೋಮಿನ ವಿಜ್ಞಾನಿಗಳು 1960ರಲ್ಲಿ ಒಬ್ಬ ಗಟ್ಟಿಮುಟ್ಟು ಮನುಷ್ಯನನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿ ಈ ನಂಬಿಕೆಯನ್ನು ಅಳೆದರು. ಭಾರವಾದ ತುಳಿತವನ್ನು ಎಡೆಬಿಡದೆ ಮಾಡಿದಾಗ ಹತ್ತು ನಿಮಿಷದೊಳಗೆ ಅವನು ಸೋತ. ಅದೇ ತುಳಿತವನ್ನು ಅರ್ಧರ್ಧ ನಿಮಿಷದ ತುಂಡು ಮಾಡಿ, ನಡುವೆ ಅಷ್ಟೇ ಬಿಡುವು ಕೊಟ್ಟಾಗ ಒಂದು ಗಂಟೆ ನಡೆಸಿದ, ಜೋರಾಗಿ ದುಡಿದಷ್ಟೂ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಕೂಡ ಅಷ್ಟಾಗಿ ಹೆಚ್ಚಲಿಲ್ಲ. ದೂರದ ಓಟಗಾರನಿಗೆ ವೇಗದ ಅಭ್ಯಾಸ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ಹತ್ತು ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಓಡುವವನು ಅದಕ್ಕಿಂತ ಜೋರಾದ ಓಟವನ್ನು ಸತತವಾಗಿ ಹೆಚ್ಚು ಹೊತ್ತು ತಾಳಲಾರ. ತುಂಡು ಮಾಡಿದರೆ ತಾಳುತ್ತಾನೆ. ತಾಳಿದಷ್ಟು ಹೊತ್ತು ಹೃದಯ, ಸ್ನಾಯು, ಉಸಿರು ಆ ವೇಗಕ್ಕೆ ಪಳಗುತ್ತವೆ. ಆಮೇಲೆ ಹಳೆಯ ವೇಗ ಹಗುರವೆನಿಸುತ್ತದೆ.

ಇಷ್ಟಾದರೂ ಹೆಸರು ಓಟದ ಕಡೆಗೇ ವಾಲಿತು. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ತರಬೇತಿಯ ವೇಗಗಳಿಗೆ ಒಂದೊಂದು ಅಕ್ಷರ ಕೊಟ್ಟಾಗ ಇಂಟರ್‌ವಲ್ಲಿನ 'ಐ' ಒಂದು ವೇಗದ ಹೆಸರಾಯಿತು. ಖಾಲಿ ಜಾಗಕ್ಕೆ ಕಿಲೋಮೀಟರಿಗೆ ಇಷ್ಟು ನಿಮಿಷ ಎಂಬ ಅಳತೆ ಬಂತು. ಗಾರ್ಮಿನ್ ಗಡಿಯಾರದಲ್ಲಿ ಓಟದ ಪಾಠ ತುಂಬಿಸುವಾಗ ಎರಡು ಸಾಲು ಕಾಣುತ್ತವೆ, 'ಇಂಟರ್‌ವಲ್' ಮತ್ತು 'ರೆಸ್ಟ್'. ಮೊದಲನೆಯದು ಓಟ, ಎರಡನೆಯದು ಬಿಡುವು. ಗೆರ್ಷ್ಲರ್ ನೋಡಿದ್ದರೆ ಎರಡೂ ಸಾಲಿಗೆ ಒಂದೇ ಅರ್ಥವಲ್ಲವೇ ಎಂದು ಕೇಳುತ್ತಿದ್ದ. "ಇವತ್ತು ಎಂಟು ಇಂಟರ್‌ವಲ್ ಹೊಡೆದೆ" ಎಂದು ಹೆಮ್ಮೆಪಡುವ ಓಟಗಾರ ಹಳೆಯ ಲೆಕ್ಕದಲ್ಲಿ ಒಂದು ಹೆಚ್ಚಿಗೆ ಹೇಳುತ್ತಿದ್ದಾನೆ: ಎಂಟು ಓಟಗಳ ನಡುವೆ ಎಡೆ ಏಳೇ. ಕನ್ನಡದಲ್ಲಿ ಹೊಸ ಹೆಸರು ಬೇಕೆನ್ನುವವರಿಗೆ ಹಳಗನ್ನಡದ 'ಎಡೆಯಾಟ' ಇದೆ. ಅತ್ತಿತ್ತ ಓಡಾಡುವುದು ಎಂದು ಅದರ ಅರ್ಥ. ಎಡೆಯೂ ಇದೆ, ಆಟವೂ ಇದೆ, ಸ್ವೀಡನ್ನಿನವರೂ ಬೇಸರಪಡಲಾರರು. ಬಳಕೆಗೆ ಬಂದೀತೆಂಬ ಭ್ರಮೆ ನನಗಿಲ್ಲ.

ಅರ್ಥ ಜಾರಿದರೆ ಜಾರಲಿ, ಪದಗಳ ಪಾಡೇ ಅದು. ಆದರೆ ಇಲ್ಲಿ ಮೈಗೂ ತೊಂದರೆಯಾಗಿದೆ ಎಂಬುದು ನನ್ನ ತಕರಾರು. ಇಂಟರ್‌ವಲ್ ಎಂದರೆ ಜೋರು ಓಟ ಎಂದುಕೊಂಡವರು ಬಿಡುವನ್ನು ಸೋಲಿನಂತೆ ಕಾಣುತ್ತಾರೆ. 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ತಯಾರಾಗುವ ಹೊಸಬರಲ್ಲಿ ಇದು ಧಾರಾಳ. ಎರಡು ನಿಮಿಷದ ಎಡೆಯನ್ನು ಒಂದಕ್ಕೆ ಇಳಿಸುತ್ತಾರೆ, ಮೊದಲ ಸುತ್ತನ್ನು ಬಾಣ ಬಿಟ್ಟಂತೆ ಓಡಿ ಐದನೆಯದಕ್ಕೆ ತೆವಳುತ್ತಾರೆ, ವಾರಕ್ಕೆ ಮೂರು ದಿನ ಇದನ್ನೇ ಮಾಡಿ ಮೊಣಕಾಲಿನ ಕೆಳಗೆ ನೋವು ತರಿಸಿಕೊಳ್ಳುತ್ತಾರೆ. ಬಲ್ಲವರ ಲೆಕ್ಕ ಬೇರೆ. ಹದಿನೈದು ನಿಮಿಷ ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೊಂಡು, ನಾನೂರು ಮೀಟರಿನ ಆರು ಸುತ್ತು, ಐದು ಕಿಲೋಮೀಟರ್ ಪಂದ್ಯದಲ್ಲಿ ಓಡಬಲ್ಲ ವೇಗದಲ್ಲಿ. ನಡುವೆ ಇನ್ನೂರು ಮೀಟರ್ ಸಾವಕಾಶದ ಓಟ. ಕೆಲವು ವಾರ ಕಳೆದ ಮೇಲೆ ಸಾವಿರ ಮೀಟರಿನ ನಾಲ್ಕೈದು ಓಟ, ನಡುವೆ ಎರಡು ಮೂರು ನಿಮಿಷ. ಕೊನೆಯ ಸುತ್ತು ಮೊದಲನೆಯಷ್ಟೇ ವೇಗದಲ್ಲಿ ಬರಬೇಕು. ಬರದಿದ್ದರೆ ಅಂದಿಗೆ ಸಾಕು. ಮತ್ತು ಇದು ವಾರಕ್ಕೆ ಒಂದೇ ದಿನ. ಉಳಿದ ದಿನಗಳ ಓಟ ಪಕ್ಕದವರ ಜೊತೆ ಮಾತಾಡುತ್ತ ಸಾಗುವಂಥದ್ದು. ಬೇಸರ ತರುವ ಸಲಹೆ, ಆದ್ದರಿಂದಲೇ ಪಾಲಿಸುವವರು ಕಡಿಮೆ.

ವರ್ಷವಿಡೀ ಇಂಟರ್‌ವಲ್ ಬೇಡ ಎಂದವರೂ ಇದ್ದಾರೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ವಾರಕ್ಕೆ ನೂರು ಮೈಲಿಯ ಅಡಿಪಾಯ ಮೊದಲು, ಇಂಟರ್‌ವಲ್ ಪಂದ್ಯದ ಮುಂಚಿನ ಕೆಲವು ವಾರ ಮಾತ್ರ ಎಂದ. ಅವನ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್‌ಬರ್ಗ್ 1960ರಲ್ಲಿ ರೋಮಿನಲ್ಲಿ, ಆ ಪದ ಹುಟ್ಟಿದ ನೆಲದಲ್ಲೇ, ಒಂದೇ ಮಧ್ಯಾಹ್ನ ಎರಡು ಚಿನ್ನ ಗೆದ್ದರು. ಜಾಟೊಪೆಕ್‌ನಂತೆ ಲಿಡಿಯಾರ್ಡನೂ ಶೂ ಕಾರ್ಖಾನೆಯ ಕೆಲಸಗಾರನೇ! ಇನ್ನೊಂದು ತುದಿಗೆ 1996ರಲ್ಲಿ ಜಪಾನಿನ ಇಜುಮಿ ಟಬಾಟಾ: 20 ಸೆಕೆಂಡು ದುಡಿತ, 10 ಸೆಕೆಂಡು ಬಿಡುವು, ಏಳೆಂಟು ಸಲ. ಈಗ ನಮ್ಮ ಜಿಮ್ಮುಗಳಲ್ಲಿ ಅವನ ಹೆಸರೇ ಒಂದು ವ್ಯಾಯಾಮದ ಹೆಸರು. ಇನ್ನೂರು ಅಡಿಯ ಇಂಟರ್ವಾಲ್ಲುಮ್ ಹತ್ತು ಸೆಕೆಂಡಿಗೆ ಇಳಿದಿದೆ.

ತೀರಾ ಈಚಿನ ಸುದ್ದಿ ನಾರ್ವೆಯದು. ಟೋಕಿಯೊ ಒಲಿಂಪಿಕ್ಸಿನಲ್ಲಿ 1500 ಮೀಟರ್, ಪ್ಯಾರಿಸ್‌ನಲ್ಲಿ 5,000 ಮೀಟರ್ ಗೆದ್ದ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ ಬಳಗದವರು ನಾನೂರು ಮೀಟರುಗಳನ್ನು ಇಪ್ಪತ್ತಕ್ಕೂ ಹೆಚ್ಚು ಸಲ, ಮೈ ಮುರಿಯುವಷ್ಟು ಜೋರಾಗಿಯಲ್ಲದೆ, ನಡುವೆ ಅರ್ಧ ನಿಮಿಷದಷ್ಟು ಎಡೆ ಕೊಟ್ಟು ಓಡುತ್ತಾರೆ. ಸಾಲಿನ ನಡುವೆ ಆಗಾಗ ಓಟಗಾರನನ್ನು ನಿಲ್ಲಿಸಿ ಬೆರಳನ್ನೋ ಕಿವಿಯನ್ನೋ ಚುಚ್ಚಿ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ನೋಡುತ್ತಾರೆ. ಅಂಕಿ ಹೆಚ್ಚಿದ್ದರೆ ಮುಂದಿನ ಸುತ್ತಿನ ವೇಗ ತಗ್ಗಿಸುತ್ತಾರೆ. ಸುತ್ತನ್ನು ಎಷ್ಟು ಜೋರಾಗಿ ಓಡಬೇಕು ಎಂಬ ತೀರ್ಮಾನ ಆಗುವುದು ಆ ಎಡೆಯಲ್ಲಿ, ಓಟಗಾರ ನಿಂತಿರುವಾಗ.